ಐದು ಹಂಡೆ, ಒಂದು ಗುಟ್ಟು

"ನಾನಾ ತಮ್ಮ ಹಳ್ಳಿಗೆ ಹೋಗಿದಾರೆ," ಎಂದರು ವೋಫಾ ಜಾಸಿ. ಅದನ್ನು ಹೇಳುವ ಮೊದಲು ಅಂಗಳದ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಹಾಕಿದ ಅಗುಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದ್ದರು.

ಯಾ ಬಿರಾಗೊ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಅದೋಮಕ್ರೊಮ್‌ನಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಾನಾ ಎಂದರೆ ಊರಿನ ದೊರೆ. ದೊರೆ ಸಾಯುವುದಿಲ್ಲ, ಹಳ್ಳಿಗೆ ಹೋಗುತ್ತಾನೆ. ಹಿರಿಯರು ಕುಮಾಸಿಗೆ ಹೋಗಿ ಹಿರಿದೊರೆಯ ಮುಂದೆ ಶ್ನಾಪ್ಸ್ ಮದ್ಯದ ಬಾಟಲಿ ಇಟ್ಟು ಸುದ್ದಿ ಒಪ್ಪಿಸಬೇಕು, ಆಮೇಲೆ ಡೋಲು ಬಾರಿಸಿ ಊರಿಗೆ ಸಾರಬೇಕು. ಅಲ್ಲಿಯ ತನಕ ಆ ಇನ್ನೊಂದು ಮಾತನ್ನು ಹೆಂಡತಿ ಗಂಡನ ಕಿವಿಯಲ್ಲೂ ಆಡುವ ಹಾಗಿಲ್ಲ.

"ಎಷ್ಟು ಬಟ್ಟೆ, ವೋಫಾ?"

"ಅರವತ್ತು. ಎಲ್ಲಾ ಸೂತಕದ ಕುಂಟುಂಕುನಿ. ತಿಳಿ ಬಣ್ಣ ಬಂದ್ರೆ ನಡೆಯಲ್ಲ, ಒಳ್ಳೆ ಕರಿಗಂದು ಆಗ್ಬೇಕು."

ವೋಫಾ ಎಂದರೆ ಸೋದರಮಾವ, ಜಾಸಿ ಅವಳ ತಾಯಿಯ ತಮ್ಮ. ಅರಮನೆಯ ಉಗ್ರಾಣ ನೋಡಿಕೊಳ್ಳುವವರು. ಹೊರಡುವಾಗ ಬಾಗಿಲಲ್ಲಿ ನಿಂತು ಬೆರಳು ಎತ್ತಿದರು. "ನಿಮ್ಮಜ್ಜಿ ಕಾಲದಿಂದ ಈ ಕೆಲ್ಸ ಇದೇ ಅಂಗಳಕ್ಕೆ ಬರ್ತಿದೆ. ಯಾಕೆ ಅಂದ್ಕೊಂಡೆ? ಬಣ್ಣ ಚೆನ್ನಾಗಿರತ್ತೆ ಅಂತ ಅಲ್ಲ ಕಣೇ. ಬಣ್ಣ ಯಾರು ಬೇಕಾದ್ರೂ ಹಾಕ್ತಾರೆ. ನಿಮ್ಮ ಮನೆ ಹೆಂಗಸರ ಬಾಯಿ ಗಟ್ಟಿ ಅಂತ."

"ಫ್ರೆಮಾಗೆ ಹೇಳ್ಲೇಬೇಕು, ವೋಫಾ. ಅರವತ್ತು ಬಟ್ಟೆ ನನ್ನೊಬ್ಬಳ ಕೈಲಾಗಲ್ಲ."

"ಅವಳೊಬ್ಬಳಿಗೇ," ಎಂದು ಹೇಳಿ ಅವರು ಹಿತ್ತಿಲ ಬಾಗಿಲಿಂದ ಹೋದರು.

ಫ್ರೆಮಾ ನಾಲ್ಕು ಮನೆ ಆಚೆಯವಳು. ಇಬ್ಬರೂ ಲಂಗ ಎತ್ತಿಕಟ್ಟಿ ಹೊಳೆಯಲ್ಲಿ ಬಟ್ಟೆ ಜಾಲಿಸುತ್ತಿದ್ದ ವಯಸ್ಸಿನಿಂದ ಜೊತೆಗಾರ್ತಿಯರು. ಈಗ ಇಪ್ಪತ್ತು ವರ್ಷದಿಂದ ಬಿರಾಗೊಳ ಅಂಗಳದಲ್ಲಿ ಇಬ್ಬರೂ ಸೇರಿ ಬಣ್ಣ ಹಾಕುತ್ತಿದ್ದರು. ಸುದ್ದಿ ಕೇಳಿ ಫ್ರೆಮಾ ತುಟಿಯ ಮೇಲೆ ಬೆರಳಿಟ್ಟು, ತಲೆಯಾಡಿಸಿ, ಮರುದಿನವೇ ಬಣ್ಣ ತೆಗೆಯುವ ಮರದ ತೊಗಟೆ ತರಲು ಟೆಚಿಮಾನ್‌ಗೆ ಟ್ರೋಟ್ರೋ ವ್ಯಾನು ಹತ್ತಿದಳು. ಉತ್ತರದಿಂದ ತೊಗಟೆಯ ಲಾರಿ ಬಂದು ನಿಲ್ಲುವುದು ಅಲ್ಲೇ. ಮನೆಯಲ್ಲಿದ್ದ ತೊಗಟೆ ಒಂದು ವಾರಕ್ಕೂ ಸಾಲುತ್ತಿರಲಿಲ್ಲ.

ಇನ್ನು ಬಿರಾಗೊಳ ಫೋನಿನ ವಿಷಯ. ಅಜ್ಜಿಯ ಕಾಲದಲ್ಲಿ ಗಿರಾಕಿಗಳು ಬಾಗಿಲಿಗೆ ಬರುತ್ತಿದ್ದರು. ಈಗ ಅವರು ಜೇಬಿನಲ್ಲಿ ಕೂತಿರುತ್ತಾರೆ, ಎಂಟುನೂರು ಚಿಲ್ಲರೆ ಜನ. ದಿನಾ ಬೆಳಿಗ್ಗೆ ಅವರಿಗೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಏನಾದರೂ ತೋರಿಸದಿದ್ದರೆ ಮಧ್ಯಾಹ್ನದ ಹೊತ್ತಿಗೆ ಪಕ್ಕದ ಊರಿನವಳ ಹತ್ತಿರ ಹೋಗಿಬಿಡುತ್ತಾರೆ. ಅದಕ್ಕೇ ಬಿರಾಗೊ ಹಲ್ಲುಜ್ಜುವ ಮೊದಲು ಸ್ಟೇಟಸ್ ಹಾಕುವ ಹೆಂಗಸು. ಒಣಗಿದ ಬಟ್ಟೆ, ಮುದ್ರೆ ಒತ್ತಿದ ಬಟ್ಟೆ, ಏನೂ ಇಲ್ಲದಿದ್ದರೆ ಒಂದು ಬೈಬಲ್ ವಾಕ್ಯ.

ಮಂಗಳವಾರ ಐದೂ ಹಂಡೆಯ ಕೆಳಗೆ ಬೆಂಕಿ ಹೊತ್ತಿತು. ಅವಳು ಎಷ್ಟು ಎಚ್ಚರ ಮಾಡಿದಳೆಂದರೆ, ಅರಮನೆಯ ಬಟ್ಟೆಯನ್ನು ಹಿತ್ತಿಲಲ್ಲಿ ಟಾರ್ಪಾಲಿನ ಮರೆಯಲ್ಲಿ ಹರಡಿದಳು, ಒಂದು ಫೋಟೊ ತೆಗೆಯಲಿಲ್ಲ, ನೀರು ಕೇಳಲು ಬಂದ ಪಕ್ಕದ ಮನೆಯವಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು. ಗಿರಾಕಿಗಳು ಒಳಗೆ ಬಂದು ನೋಡಿಬಿಟ್ಟರೆ ಏನು ಗತಿ ಎಂದು ಅವರಿಗೂ ಒಂದು ಸ್ಟೇಟಸ್ ಬರೆದು ಹಾಕಿದಳು: "ಪ್ರೀತಿಯ ಗ್ರಾಹಕರೇ, ದೇವರ ದಯೆಯಿಂದ ಐದೂ ಹಂಡೆ ತುಂಬಿವೆ. ಮುಂದಿನ ತಿಂಗಳವರೆಗೆ ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಕ್ಷಮೆ ಇರಲಿ." ಆಮೇಲೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟು, ಮೊಣಕೈ ತನಕ ಬಣ್ಣಕ್ಕೆ ಇಳಿದಳು.

ಗುರುವಾರ ಬೆಳಿಗ್ಗೆ ಊರಿನ ಫೇಸ್‌ಬುಕ್ ಪುಟದಲ್ಲಿ ಉರಿಯುವ ಮೇಣದಬತ್ತಿಯ ಚಿತ್ರ ಬಂತು. ಕೆಳಗೆ, "ಅರಮನೆಯ ಮೌನ ಯಾಕೆ? ನಮ್ಮ ನಾನಾ ಎಲ್ಲಿ?" ಒಂಬತ್ತು ಗಂಟೆಯ ಹೊತ್ತಿಗೆ ಲಂಡನ್ನಿನಲ್ಲಿರುವ ಊರಿನವರೂ ಅಳುವ ಮುಖ ಒತ್ತಿ, "ನೆಮ್ಮದಿಯಾಗಿ ಮಲಗಿ" ಎಂದು ಬರೆಯತೊಡಗಿದ್ದರು. ಅರಮನೆಯ ಹಿರಿಯರ ಶ್ನಾಪ್ಸ್ ಬಾಟಲಿ ಇನ್ನೂ ಮೇಜಿನ ಮೇಲೇ ಇತ್ತು. ಕುಮಾಸಿಯಿಂದ ಹಿರಿದೊರೆ ಹೇಳಿಕಳಿಸಿದರು: "ನಿಮ್ಮ ಊರನ್ನ ಆಳೋರು ಹಿರಿಯರೋ, ಫೇಸ್‌ಬುಕ್ಕೋ?"

ಇಷ್ಟು ಅವಮಾನ ಆ ಅರಮನೆಗೆ ಯಾವತ್ತೂ ಆಗಿರಲಿಲ್ಲ.

ಮಧ್ಯಾಹ್ನ ವೋಫಾ ಜಾಸಿ ಮತ್ತೆ ಹಿತ್ತಿಲ ಬಾಗಿಲಿಂದ ಬಂದರು. ಮುಖ ಕಪ್ಪಿಟ್ಟಿತ್ತು. "ಒಳಗಿನೋರನ್ನ ಬಿಟ್ರೆ ವಿಷಯ ಗೊತ್ತಿದ್ದದ್ದು ಎರಡೇ ಕಡೆ. ಪೆಟ್ಟಿಗೆ ಮಾಡೋ ಬಡಗಿಗೆ, ಮತ್ತೆ ನಿನ್ನ ಅಂಗಳಕ್ಕೆ. ಬಡಗಿ ಹತ್ರ ಫೋನೇ ಇಲ್ಲ."

"ಅಯ್ಯೋ ವೋಫಾ, ನನ್ನ ಮೇಲೆ ಆಣೆ…"

"ನಿನ್ನ ಆಣೆ ನಂಗೆ ಬೇಡ. ಓಚಾಮೆ ಭಾನುವಾರದ ತನಕ ಟೈಮ್ ಕೊಟ್ಟಿದಾರೆ. ಬಾಯಿಬಿಟ್ಟೋರು ಯಾರು ಅಂತ ಹೆಸರು ಬೇಕು. ಹೆಸರು ಬರ್ಲಿಲ್ಲ ಅಂದ್ರೆ ಕೆಲಸ ಈ ಅಂಗಳದಿಂದ ಹೋಗತ್ತೆ. ಹೋದ್ರೆ ಮತ್ತೆ ಬರಲ್ಲ, ನೆನಪಿಟ್ಕೋ." ಓಚಾಮೆ ಎಂದರೆ ದೊರೆಯ ಮಾತನ್ನು ಆಡುವವರು. ಅವರ ಬಾಯಿಂದ ಬಂತೆಂದರೆ ಅದು ಸಿಂಹಾಸನದ್ದೇ ಮಾತು.

ಎರಡೇ ಬಾಯಿ, ಅದರಲ್ಲಿ ಒಂದು ತನ್ನದು. ಬಿರಾಗೊಗೆ ಉಳಿದದ್ದು ಒಂದೇ ಲೆಕ್ಕ. ಆ ಲೆಕ್ಕ ಅವಳಿಗೆ ಬೇಕಾಗಿರಲಿಲ್ಲ, ಆದರೆ ತಲೆಯೊಳಗೆ ಹೊಕ್ಕ ಮೇಲೆ ಹೊರಗೆ ಹೋಗಲೂ ಇಲ್ಲ. ಅವಳು ಹಂಡೆಯ ಪಕ್ಕದ ಕಟ್ಟೆಯ ಮೇಲೆ ಕೂತು ಫೋನು ತೆಗೆದಳು.

ಮಂಗಳವಾರ ಬೆಳಿಗ್ಗೆ ಫ್ರೆಮಾಳಿಂದ ಮೂರು ಕರೆ ಬಂದಿದ್ದವು. ಕೈ ಬಣ್ಣದಲ್ಲಿತ್ತು, ಎತ್ತಿರಲಿಲ್ಲ. ನಡುಹಗಲಲ್ಲಿ ಒಮ್ಮೆ ಕೈ ಒರೆಸಿಕೊಂಡು ನೋಡಿದಾಗ ಫ್ರೆಮಾ 'ಟೈಪಿಂಗ್' ಎಂದು ತೋರಿಸುತ್ತಿತ್ತು. ಆಮೇಲೆ ಇಲ್ಲ. ಮತ್ತೆ ಟೈಪಿಂಗ್. ಮತ್ತೆ ಇಲ್ಲ. ಬಂದ ಸಂದೇಶ ಮಾತ್ರ ಸೊನ್ನೆ. ಸಂಜೆ ತಾನೇ ಕರೆ ಮಾಡಿದರೆ ಅವಳು, "ಏನಿಲ್ಲ, ಬಿಡು," ಎಂದಿದ್ದಳು. ಏನಿಲ್ಲದವಳು ಮೂರು ಸಲ ಯಾಕೆ ಕರೆದಳು? ಬುಧವಾರ ಬರಬೇಕಾದವಳು ಒಂದು ದಿನ ತಡವಾಗಿ ಬಂದಳಲ್ಲ, ಅಲ್ಲಿ ಯಾರ ಜೊತೆ ಇದ್ದಳು? ಇವತ್ತು ಬೆಳಿಗ್ಗೆಯಿಂದ ಅವಳ ಹೆಸರಿನ ಕೆಳಗೆ 'ಕೊನೆಯದಾಗಿ ನೋಡಿದ್ದು' ಕಾಣಿಸುತ್ತಲೇ ಇಲ್ಲ. ಮುಚ್ಚಿಟ್ಟಿದ್ದಾಳೆ. ಮುಚ್ಚಿಡಲು ಏನೋ ಇದ್ದವರೇ ತಾನೇ ಮುಚ್ಚಿಡುವುದು?

ಅನುಮಾನಕ್ಕೆ ಒಂದು ಗುಣವಿದೆ ನೋಡಿ, ಅದಕ್ಕೆ ಏನು ಕೊಟ್ಟರೂ ತಿನ್ನುತ್ತದೆ. ಫ್ರೆಮಾ ಮಾತಾಡಿದರೆ, ಇವಳೇನು ಇಷ್ಟು ಮಾತಾಡುತ್ತಾಳೆ ಎನ್ನಿಸಿತು. ಸುಮ್ಮನಿದ್ದರೆ, ಯಾಕೆ ಸುಮ್ಮನಿದ್ದಾಳೆ ಎನ್ನಿಸಿತು. ಶುಕ್ರವಾರ ಫ್ರೆಮಾ ಬಾಳೆಕಾಯಿ ಬೇಯಿಸಿ ತಂದು ಮುಂದಿಟ್ಟಾಗ ಬಿರಾಗೊ ಹಸಿವಿಲ್ಲ ಎಂದು ತಟ್ಟೆ ದೂಡಿದಳು. ಎರಡು ದಿನ ಒಂದೇ ಹಂಡೆಯ ಆಚೀಚೆ ನಿಂತು ಕೋಲು ತಿರುಗಿಸುತ್ತ, ಒಬ್ಬಳು ಇನ್ನೊಬ್ಬಳನ್ನು ಫೋನಿನಲ್ಲಿ ಕಾಯುತ್ತಿದ್ದಳು. ಫೇಸ್‌ಬುಕ್ಕಿನಲ್ಲಿ ಹಸಿರು ಚುಕ್ಕೆ ಬಂತಾ, ಹೋಯಿತಾ, ಯಾರಿಗೆ ಬರೆಯುತ್ತಿದ್ದಾಳೆ. ನಾಚಿಕೆಗೇಡು.

ಶನಿವಾರ ಅದು ಬಾಯಿಗೆ ಬಂದೇಬಿಟ್ಟಿತು.

"ಟೆಚಿಮಾನ್‌ನಲ್ಲಿ ಯಾರ್ಯಾರನ್ನ ನೋಡ್ದೆ?"

"ತೊಗಟೆ ಮಾರೋರನ್ನ ನೋಡ್ದೆ. ಮತ್ಯಾರನ್ನ ನೋಡ್ಲಿ, ಮಂತ್ರೀನಾ?"

"ಒಂದಿನ ತಡ ಆಯ್ತಲ್ಲ."

"ಆಯ್ತು."

"ಯಾಕೆ?"

ಫ್ರೆಮಾ ಕೋಲನ್ನು ಹಂಡೆಯ ಅಂಚಿಗೆ ಒರಗಿಸಿ ನೆಟ್ಟಗೆ ನಿಂತಳು. "ಏನ್ ಕೇಳ್ಬೇಕು ಅಂತಿದೀಯೋ ಅದನ್ನ ಕೇಳು, ಯಾ. ಸುತ್ತಿ ಬಳಸಿ ಬರ್ಬೇಡ. ನಂಗೆ ಕೆಲ್ಸ ಇದೆ."

"ನಾನಾ ವಿಷ್ಯ ಹೊರಗೆ ಬಿಟ್ಟೋಳು ನೀನೇನಾ?"

ಫ್ರೆಮಾ ಅವಳ ಮುಖವನ್ನೇ ನೋಡಿದಳು. "ಅಲ್ಲ," ಎಂದಳು.

"ಮತ್ತೆ ಮಂಗಳವಾರ ಅಷ್ಟೊತ್ತು ಏನ್ ಬರೀತಿದ್ದೆ? ಬರ್ದು ಬರ್ದು ಯಾಕೆ ಅಳಿಸ್ದೆ? ಫೋನ್ ಮೇಲೆ ಫೋನ್ ಮಾಡಿ, ನಾನು ಕೇಳಿದ್ರೆ ಏನಿಲ್ಲ ಬಿಡು ಅಂದ್ಯಲ್ಲ, ಏನದು ಏನಿಲ್ಲ?"

"ಅದು ಈಗ್ಲೂ ಏನಿಲ್ಲ. ಬಿಡು."

"ಬಿಡ್ತೀನಿ! ಬಿಡ್ದೆ ಇನ್ನೇನು! ನಮ್ಮಜ್ಜಿ ಕಟ್ಟಿದ ಹೆಸರು ಹೋಗ್ಲಿ, ನೀನು ಮಾತ್ರ ಏನಿಲ್ಲ ಅಂತ ನಿಂತಿರು! ಒಂದೇ ತಟ್ಟೇಲಿ ಉಂಡು ನನ್ನ ಮನೆಗೇ ಬೆಂಕಿ ಇಟ್ಯಲ್ಲೇ, ಥೂ!"

ಫ್ರೆಮಾ ಸೊಂಟಕ್ಕೆ ಕಟ್ಟಿದ ಹಳೇ ಬಟ್ಟೆ ಬಿಚ್ಚಿ, ಕೈ ಒರೆಸಿ, ಅದನ್ನು ಮಡಿಸಿ ಕಟ್ಟೆಯ ಮೇಲಿಟ್ಟಳು. "ಮೂರನೇ ಹಂಡೆ ಕೆಳಗೆ ಉರಿ ಜಾಸ್ತಿ ಆಗಿದೆ, ನೋಡ್ಕೋ," ಎಂದಳು. ಬಾಗಿಲು ದಾಟಿ ಹೋದಳು.

ಕೋಪ ಆರುವ ಮೊದಲೇ ಬಿರಾಗೊ ಎರಡು ಕೆಲಸ ಮಾಡಿದಳು. ಒಂದು, ವೋಫಾ ಜಾಸಿಗೆ ಹೆಸರು ಹೇಳಿದಳು. ಇನ್ನೊಂದು, ಊರಿನ ಬಣ್ಣ ಹಾಕುವ ಹೆಂಗಸರ ವಾಟ್ಸಾಪ್ ಗುಂಪಿನಿಂದ ಫ್ರೆಮಾಳನ್ನು ತೆಗೆದುಹಾಕಿದಳು. ಗುಂಪಿಗೆ ಅಡ್ಮಿನ್ ಅವಳೇ. ಕೆಳಗೆ ಬರೆದಳು: "ಗುಟ್ಟು ಕಾಯಲಾರದವರಿಗೆ ನಮ್ಮ ನಡುವೆ ಜಾಗವಿಲ್ಲ." ನಲವತ್ತು ಹೆಂಗಸರು ಓದಿದರು. ಹದಿನೇಳು ಹೆಬ್ಬೆರಳು ಬಂದವು. ಏನಾಯಿತು ಎಂದು ಒಬ್ಬಳೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಫ್ರೆಮಾ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅರಮನೆಯವರು ಫ್ರೆಮಾಳನ್ನು ಕರೆಸಿದರು. ಅಲ್ಲಿ ನಡೆದದ್ದನ್ನು ವೋಫಾ ಜಾಸಿಯೇ ಬಂದು ಹೇಳಿದರು. "ಓಚಾಮೆ ಎರಡು ಸಲ ಕೇಳಿದ್ರು. ಹೌದು ಅನ್ಲಿಲ್ಲ, ಇಲ್ಲ ಅನ್ಲಿಲ್ಲ. ನೆಲ ನೋಡ್ಕೊಂಡು ಕೂತಿದ್ಲು. ಒಂದು ಕುರಿ ದಂಡ. ಇನ್ಮೇಲೆ ಅರಮನೆ ಬಟ್ಟೆ ಮುಟ್ಟೋ ಹಾಗಿಲ್ಲ." ಎದ್ದು ಹೊರಡುತ್ತ, "ನಿನ್ನ ಹಂಡೆ ಉಳೀತು," ಎಂದರು. ಹೇಳುವಾಗ ಅವಳ ಕಡೆ ನೋಡಲಿಲ್ಲ.

ಹಂಡೆ ಉಳಿಯಿತು. ಬಿರಾಗೊ ಖುಷಿಪಡಬೇಕಾಗಿತ್ತು. ಆದರೆ ತಪ್ಪು ಮಾಡಿದವಳು ಕಾಲಿಗೆ ಬೀಳುತ್ತಾಳೆ, ಮಾಡದವಳು ಕಿರುಚುತ್ತಾಳೆ. ಇವಳು ಎರಡೂ ಮಾಡದೆ ನೆಲ ನೋಡಿದ್ದೇಕೆ ಎಂಬುದು ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಸೋಮವಾರ ಮುದುಕಿ ಎನೊ ಪೊಮಾ ಕಂಕುಳಲ್ಲಿ ಹಳೆ ಬಟ್ಟೆಯ ಗಂಟು ಇಟ್ಟುಕೊಂಡು ಬಂದಳು. ಬಿರಾಗೊಳ ತಾಯಿಯ ಕಾಲದ ಗಿರಾಕಿ.

"ಹಂಡೆ ತುಂಬಿದೆ ಅಂತ ಗೊತ್ತು ಮಗಳೇ, ಮೊಮ್ಮಗಳು ಓದಿ ಹೇಳಿದ್ಲು. ಆದ್ರೂ ಬಂದೆ. ಇದೊಂದು ಮಾಸಿಹೋಗಿದೆ, ಎರಡು ಮುಳುಗು ಹಾಕ್ಕೊಡು. ಆ ದೊಡ್ಡ ದಿನಕ್ಕೆ ಉಟ್ಕೋಬೇಕಲ್ಲ."

"ಯಾವ ದೊಡ್ಡ ದಿನ, ಎನೊ ಪೊಮಾ?" ಬಿರಾಗೊ ಬಾಗಿಲಿಗೆ ಅಡ್ಡ ನಿಂತಳು.

ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಆಹಾ, ನನ್ನ ಹತ್ರಾನಾ? ನಾನು ಕೇಳಿಲ್ಲ, ನೀನು ಹೇಳಿಲ್ಲ. ಆದ್ರೂ ನಿನ್ನ ಜಾಣತನ ಮೆಚ್ಚಿದೆ ಕಣೇ! ನಿಮ್ಮಜ್ಜಿಗೂ ಇಷ್ಟು ತಲೆ ಇರ್ಲಿಲ್ಲ. ಒಂದು ಮಾತೂ ಆಡ್ದೆ ಊರಿಗೆಲ್ಲ ತಿಳಿಸಿಬಿಟ್ಟೆ."

"ಏನು? ನಾನು ಏನ್ ತಿಳಿಸ್ದೆ?"

"ಐದೂ ಹಂಡೆ ತುಂಬಿವೆ ಅಂತ ಹಾಕಿದ್ಯಲ್ಲ. ಊರ ಗೋಡೆ ಮೇಲೆ ಆಗ ಇದ್ದದ್ದು ಎರಡೇ ಸಾವಿನ ಪೋಸ್ಟರು. ಒಂದು ಮೇಷ್ಟ್ರ ತಾಯೀದು, ಇನ್ನೊಂದು ಆ ಟ್ರೋಟ್ರೋ ಡ್ರೈವರದ್ದು. ಅವರಿಬ್ಬರ ಮನೆಯವರಿಗೂ ಸೇರಿ ಒಂದು ಹಂಡೆ ಸಾಕು. ಮಿಕ್ಕ ನಾಲ್ಕು ಹಂಡೆ ಯಾರಿಗೆ? ಪೋಸ್ಟರ್ ಹಚ್ಚಬಾರದ ಮನೆ ಊರಲ್ಲಿ ಒಂದೇ ತಾನೇ ಇರೋದು? ನಾನು ಕಣ್ಣು ಕಾಣದ ಮುದುಕಿ, ನಂಗೇ ಗೊತ್ತಾಯ್ತು. ಆ ಫೇಸ್‌ಬುಕ್ ಪುಟ ನಡೆಸೋನಿಗೆ ಗೊತ್ತಾಗಲ್ವಾ? ಅವನೂ ನಿನ್ನ ಗಿರಾಕಿನೇ ಅಲ್ವಾ?"

ಬಿರಾಗೊ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಹೌದು, ಅವನ ತಂದೆಯ ಬಟ್ಟೆಗೆ ಬಣ್ಣ ಹಾಕಿದ್ದು ಅವಳೇ, ಅವನ ನಂಬರು ಫೋನಿನಲ್ಲಿ ಇದ್ದೇ ಇದೆ. ಆ ಮಂಗಳವಾರ ಸ್ಟೇಟಸ್ ನೋಡಿದವರು ಮುನ್ನೂರ ನಲವತ್ತು ಜನ. ಅಷ್ಟು ಜನ ಎಂದೂ ನೋಡಿರಲಿಲ್ಲ, ಎಂಥ ಹೆಸರು ಮಾಡಿದೆ ನಾನು ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಮುದುಕಿಯ ಗಂಟನ್ನು ಇಸಿದುಕೊಂಡು ಒಳಗೆಸೆದು, ಬಣ್ಣದ ಕೈಯಲ್ಲೇ ಹೊರಟಳು.

ನಾಲ್ಕು ಮನೆ ದಾಟುವುದರಲ್ಲಿ ಅವಳಿಗೆ ಉಸಿರು ಹತ್ತಿತು. ಫ್ರೆಮಾ ಜಗಲಿಯ ಮೇಲೆ ಕೂತು ಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಂಗೆ ಗೊತ್ತಿತ್ತು," ಎಂದಳು ಬಿರಾಗೊ.

"ಟೆಚಿಮಾನ್ ಲಾರಿ ಸ್ಟ್ಯಾಂಡಲ್ಲೇ ಗೊತ್ತಾಯ್ತು. ನಿನ್ನ ಸ್ಟೇಟಸ್ ಓದಿದ ಕೂಡ್ಲೇ."

"ಅಳಿಸು ಅಂತ ಒಂದು ಮಾತು ಬರೀಬಾರ್ದಿತ್ತಾ?"

"ಬರೀದೆ ಏನು? ನಾಲ್ಕು ಸಲ ಬರ್ದೆ. ಅಳಿಸು ಅಂದ್ರೆ ನೀನು ಯಾಕೆ ಅಂತೀಯ. ಯಾಕೆ ಅಂತ ಬರೆದ್ರೆ ಆ ಮಾತು ಅಕ್ಷರವಾಗಿ ಫೋನಲ್ಲಿ ಕೂತ್ಕೊಳ್ಳತ್ತೆ. ಆಡಬಾರದ ಮಾತನ್ನ ಬರೀಲಾ? ಅದಕ್ಕೇ ಮೊದಲು ಫೋನ್ ಮಾಡಿದ್ದು. ನೀನು ಎತ್ಲಿಲ್ಲ. ಸಂಜೆ ನೀನು ಮಾಡೋ ಹೊತ್ತಿಗೆ ಊರೆಲ್ಲ ಓದಿಯಾಗಿತ್ತು. ಇನ್ನೇನು ಹೇಳೋದಿತ್ತು?"

"ಆಮೇಲೆ ಫೋನಲ್ಲಿ ಮುಚ್ಚಿಟ್ಕೊಂಡ್ಯಲ್ಲ…"

"ಹೌದಾ, ನಿಜಾನಾ ಅಂತ ಮೂವತ್ತು ಜನ ಕೇಳ್ತಿದ್ರು. ಓದಿದ್ರೆ ನೀಲಿ ಗೆರೆ, ಓದದಿದ್ರೆ ಕೋಪ. ಎಲ್ಲಾ ಮುಚ್ಚಿಟ್ಟೆ."

"ಅರಮನೇಲಾದ್ರೂ ಹೇಳ್ಬಾರ್ದಿತ್ತಾ, ಅಲ್ಲ ಅಂತ?"

ಫ್ರೆಮಾ ಚಾಕು ಕೆಳಗಿಟ್ಟಳು. "ನಾನಲ್ಲ ಅಂದಿದ್ರೆ ಮುಂದಿನ ಪ್ರಶ್ನೆ ಏನು? ಹಾಗಾದ್ರೆ ಯಾರು ಅಂತ. ನಿನ್ನ ಹೆಸರು ನನ್ನ ಬಾಯಿಂದ ಬರ್ಬೇಕಿತ್ತಾ? ನಿನ್ನ ಹಂಡೆ ಹೋಗ್ಬಾರ್ದು ಅಂತ ನಾನು ಕುರಿ ಕೊಟ್ಟೆ. ನೀನು ಎರಡು ದಿನ ನನ್ನೆದುರಿಗೇ ನಿಂತ್ಕೊಂಡು ಫೋನಲ್ಲಿ ನನ್ನ ಹುಡುಕಿದೆ. ನಾನು ಇಲ್ಲೇ ಇದ್ನಲ್ಲ! ಕಣ್ಣೆತ್ತಿ ನೋಡಿದ್ರೆ ಸಾಕಿತ್ತಲ್ಲ!" ಅವಳು ಮಡಿಲಿನ ಸಿಪ್ಪೆ ಕೊಡವಿದಳು. "ನನ್ನ ಸೊಸೆಯ ತಾಯಿ ಆ ಗುಂಪಲ್ಲಿದಾಳೆ. ನನ್ನ ಮುಖ ನೋಡದೆ ಕಿಟಕಿ ಹಾಕ್ಕೊಂಡ್ಲು. ಹೋಗು ಇಲ್ಲಿಂದ. ಏನ್ ಮಾಡ್ತೀಯೋ ಮಾಡು, ಹೋಗು."

ಟೆಚಿಮಾನ್‌ನಲ್ಲಿ ಒಂದು ದಿನ ತಡವಾದದ್ದು ಯಾಕೆಂದು ಬಿರಾಗೊ ಕೇಳಲಿಲ್ಲ. ಅದನ್ನು ಕೇಳುವ ಮುಖ ಅವಳಿಗೆ ಉಳಿದಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಹಂಡೆ ಅವಳದೇ. ಫ್ರೆಮಾ ಹೇಳುವವಳಲ್ಲ, ಮುದುಕಿಯಂತೂ ಅದನ್ನು ಜಾಣತನವೆಂದೇ ತಿಳಿದಿದ್ದಳು. ಬಿರಾಗೊ ಮನೆಗೆ ಬಂದು, ಕೊತಕೊತನೆ ಕುದಿಯುವ ಐದು ಹಂಡೆಗಳ ನಡುವೆ ಒಂದು ಗಳಿಗೆ ನಿಂತಳು. ಆ ಒಂದು ಗಳಿಗೆ ಅವಳಿಗೆ ಆಸೆಯಾದದ್ದು ನಿಜ. ಆಮೇಲೆ ಕಿಟಕಿ ಹಾಕಿಕೊಂಡ ಆ ಬೀಗತಿಯ ನೆನಪಾಯಿತು. ಫೋನು ತೆಗೆದು ಗುಂಪಿಗೆ ಬರೆದಳು: "ಗುಟ್ಟು ಬಿಟ್ಟವಳು ಫ್ರೆಮಾ ಅಲ್ಲ. ನಾನು. ಅವಳ ಮೇಲೆ ಹೊರಿಸಿದ್ದೂ ನಾನೇ." ನಲವತ್ತೂ ಜನ ಓದಿದರು. ಒಂದು ಹೆಬ್ಬೆರಳೂ ಬರಲಿಲ್ಲ. ಹತ್ತು ನಿಮಿಷದ ಮೇಲೆ ಯಾರೋ ಚರ್ಚಿನ ಗಾಯನ ತಂಡದ ಅಭ್ಯಾಸದ ಸಮಯ ಹಾಕಿದರು. ಓದಬೇಕಾದವಳೊಬ್ಬಳೇ ಆ ಗುಂಪಿನಲ್ಲಿರಲಿಲ್ಲ.

ಅರಮನೆಗೆ ಅವಳು ನಡೆದೇ ಹೋದಳು. ಚಪ್ಪಲಿ ಬಿಟ್ಟು, ಭುಜದ ಬಟ್ಟೆ ಇಳಿಸಿ, ಓಚಾಮೆಯ ಮುಂದೆ ನಿಂತು ಮಂಗಳವಾರದಿಂದ ಹಿಡಿದು ಎಲ್ಲ ಹೇಳಿದಳು. ವೋಫಾ ಜಾಸಿ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ಓಚಾಮೆ ಕೋಲನ್ನು ನೆಲಕ್ಕೆ ಊರಿದರು. "ಅವಳ ಕುರಿ ಅವಳಿಗೆ ವಾಪಸ್ ಹೋಗ್ಲಿ. ನಿನ್ನಿಂದ ಎರಡು ಬರ್ಲಿ," ಎಂದರು. ಆಮೇಲೆ ನಿಧಾನವಾಗಿ, "ಆ ಹೆಂಗಸನ್ನ ನಾನು ಎಲ್ಲರೆದುರಿಗೆ ಎರಡು ಸಲ ಕೇಳ್ದೆ. ಅವಳದೇ ಮಾನ ಹೋಗ್ತಿತ್ತು, ಆದ್ರೂ ಬಾಯಿ ಬಿಡ್ಲಿಲ್ಲ. ಅರಮನೆಗೆ ಬೇಕಾಗಿರೋದು ಅಂಥ ಬಾಯಿ. ಬಟ್ಟೆ ಎಲ್ಲಾ ನಾಳೆ ಅವಳ ಅಂಗಳಕ್ಕೆ ಹೋಗ್ಬೇಕು. ಇನ್ಮೇಲೂ ಅಲ್ಲಿಗೇ."

ಮಂಗಳವಾರ ಬೆಳಿಗ್ಗೆ ಅರಮನೆಯ ಆಳುಗಳು ಅರ್ಧ ಬಣ್ಣ ಹಿಡಿದ ಅರವತ್ತು ಬಟ್ಟೆ ಹೊತ್ತುಕೊಂಡು ಹೋದರು. ತೆಗೆದುಕೊಂಡು ಹೋಗಿ ಎಂದು ಹಂಡೆಗಳನ್ನೂ ಬಿರಾಗೊ ತಾನೇ ಕೊಟ್ಟಳು. ಅವು ಇಲ್ಲದ ಅಂಗಳದಲ್ಲಿ ಐದು ಕರಿ ಗುರುತು ಉಳಿದಿದ್ದವು. ಅಲ್ಲಿ ಕೂರಲಾಗದೆ ಅವಳು ಎದ್ದಳು. ಒಬ್ಬಳ ಕೈಯಲ್ಲಿ ಅರವತ್ತು ಬಟ್ಟೆ ಆಗುವ ಮಾತಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಫೋನನ್ನು ಮನೆಯಲ್ಲೇ ಬಿಟ್ಟು ಹೊರಟಳು.

ಫ್ರೆಮಾಳ ಅಂಗಳದಲ್ಲಿ ಹೊಗೆ ಎದ್ದಿತ್ತು. ಬಿರಾಗೊ ಬಾಗಿಲಲ್ಲಿ ನಿಂತಳು. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಬೈದರೆ ಅಳಬಹುದಿತ್ತು, ಅತ್ತರೆ ಫ್ರೆಮಾ ಸಾಕು ಸುಮ್ಮನಿರು ಎನ್ನಬಹುದಿತ್ತು, ಚಿಕ್ಕಂದಿನಿಂದ ಎಷ್ಟೋ ಜಗಳ ಹಾಗೇ ಮುಗಿದಿದ್ದವು.

ಫ್ರೆಮಾ ಹೊಗೆಯಾಚೆಯಿಂದ ಅವಳನ್ನು ನೋಡಿದಳು. ಕೋಪವಿರಲಿಲ್ಲ. ಪೇಟೆಯಲ್ಲಿ ಗುರುತಿನವರನ್ನು ನೋಡಿದ ಹಾಗೆ ನೋಡಿದಳು.

"ಬನ್ನಿ, ಮಾಮೆ ಬಿರಾಗೊ," ಎಂದಳು. "ಕೋಲು ಅಲ್ಲಿದೆ. ಆ ಕೊನೆ ಹಂಡೆ ನೋಡ್ಕೊಳ್ಳಿ."

ಮಾಮೆ ಎನ್ನುವುದು ಹೊರಗಿನ ಹೆಂಗಸರಿಗೆ ಕೊಡುವ ಮರ್ಯಾದೆ. ಚಿಕ್ಕಂದಿನಿಂದ ಅವಳನ್ನು ಯಾ ಎಂದು ಕರೆಯುತ್ತಿದ್ದವರಲ್ಲಿ ಬದುಕಿ ಉಳಿದವರು ಇಬ್ಬರೇ, ವೋಫಾ ಜಾಸಿ ಮತ್ತು ಫ್ರೆಮಾ. ಬಿರಾಗೊ ಹೋಗಿ ಕೋಲು ತೆಗೆದುಕೊಂಡು ಕೊನೆಯ ಹಂಡೆಯ ಮುಂದೆ ನಿಂತಳು.